ಹೊಲದಪ್ಪನ ಸ್ನಾನ

ಹೋದ ವಾರ ನಮ್ಮ ಮನೆಯ ತೀರ್ಥ ಕೆಂಪಾಯಿತು.

ಕುಂಕುಮ ಬಿದ್ದಿರಬೇಕೆಂದು ಚೆಲ್ಲಿ ಬೇರೆ ಮಾಡಿದೆ. ಮರುದಿನವೂ ಅದೇ ಬಣ್ಣ. ಜೊತೆಗೆ ಹೊಲದಪ್ಪನ ಮೈಯಿಂದ ಒಂದು ಚೂರು ಉದುರಿಬಿದ್ದಿತ್ತು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತುಬಿಟ್ಟರು. "ಏನ್ ತಪ್ಪಾಯ್ತೋ ಕಾಣೆ. ದೇವ್ರು ಸವೀತಾ ಅವ್ನೆ ಕಣಮ್ಮ" ಅಂದರು.

ಹೊಲದಪ್ಪ ಯಾರೆಂದು ಹೇಳಬೇಕಲ್ಲ? ಕೊರಟಗೆರೆ ಕಡೆ, ಸಿದ್ದರಬೆಟ್ಟ ಕಾಣುವಲ್ಲಿ ನಮ್ಮ ಹೊಲವಿದೆ. ಅಲ್ಲಿ ಮಾವನವರ ನೇಗಿಲಿಗೆ ಸಿಕ್ಕಿದ ಕಲ್ಲು. ಗಾತ್ರ ತೆಂಗಿನಕಾಯಿಯಷ್ಟೇ, ಎತ್ತಲು ಮಾತ್ರ ಎರಡು ಕೈ ಬೇಕು. ಅಷ್ಟು ಭಾರವಿದ್ದ ಮೇಲೆ ದೇವರೇ ಸರಿ ಎಂದು ಅತ್ತೆ ಮಧುಗಿರಿಯ ಮನೆಗೆ ತರಿಸಿ ದೇವರಗೂಡಿನಲ್ಲಿಟ್ಟರು. ಅಂದಿನಿಂದ ದಿನಾ ನೀರಿನ ಸ್ನಾನ, ಆ ನೀರೇ ನಮಗೆ ತೀರ್ಥ. ಅವನ ಸ್ನಾನವಾಗದೆ ಅತ್ತೆ ಒಂದು ತುತ್ತೂ ಮುಟ್ಟುವವರಲ್ಲ.

ಭಾನುವಾರ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಮೈದುನ ಬಂದಿಳಿದ. ಬೆಂಗಳೂರಿನ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. (ಅನ್ನದಲ್ಲಿ ಕಲ್ಲು ಸಿಕ್ಕರೂ ಬೈಯದೆ ಲೆನ್ಸ್ ಹಿಡಿದು ನೋಡುತ್ತಾನೆ. ಅದೂ ನನ್ನ ಪುಣ್ಯವೇ.) ಉದುರಿದ ಚೂರನ್ನು ಬೆಳಕಿಗೆ ಹಿಡಿದವನು ನನ್ನನ್ನೂ ಕರೆದು ತೋರಿಸಿದ. ಕಡಲೆಬೀಜದ ಮಿಠಾಯಿ ನೋಡಿದ್ದೀರಲ್ಲ? ಥೇಟ್ ಹಾಗೆ. ಬೆಲ್ಲದ ಜಾಗದಲ್ಲಿ ಕಬ್ಬಿಣ, ಬೀಜದ ಜಾಗದಲ್ಲಿ ಜೇನಿನ ಬಣ್ಣದ ಹರಳು.

ಇದು ಆಕಾಶದಿಂದ ಬಿದ್ದದ್ದಂತೆ. ಉಲ್ಕೆಗಳಲ್ಲೂ ಬಹಳ ಅಪರೂಪದ್ದಂತೆ. ಭೂಮಿ ಹುಟ್ಟುವ ಕಾಲಕ್ಕೆ ಸಣ್ಣಪುಟ್ಟ ಗೋಳಗಳೂ ಹುಟ್ಟಿದ್ದವು. ಅವು ಕಾದು ಕರಗಿ, ಭಾರದ ಕಬ್ಬಿಣ ಒಳಗಿಳಿಯಿತು, ಹಗುರಾದ ಕಲ್ಲು ಮೇಲುಳಿಯಿತು. (ಬೆಣ್ಣೆ ಕಾಯಿಸಿದಾಗ ಗಸಿ ತಳ ಸೇರುವುದಿಲ್ಲವೇ?) ಆಮೇಲೆ ಒಂದಕ್ಕೊಂದು ಡಿಕ್ಕಿ ಹೊಡೆದು ಒಡೆದವು. ಹೊಲದಪ್ಪ ಹಾಗೆ ಒಡೆದ ಒಂದು ಲೋಕದ ಚೂರು, ಕಲ್ಲೂ ಕಬ್ಬಿಣವೂ ಕೂಡುವ ಅಂಚಿನದು. ನಮ್ಮ ಭೂಮಿಯ ಹೊಟ್ಟೆಯೊಳಗೂ ಹೀಗೇ ಇರಬಹುದಂತೆ. ಅಷ್ಟು ಆಳ ಅಗೆದು ನೋಡಿದವರು ಯಾರು?

ನಮ್ಮದು ಒಡೆಯದೆ ಉಳಿಯಿತಲ್ಲ, ಅದರ ಮೇಲೆ ಒಲೆ ಹೂಡಿಕೊಂಡೆವಲ್ಲ. ಸ್ವಾಮಿಯ ದಯೆ ಎಂದುಕೊಂಡೆ.

ಆದರೆ ಆಕಾಶದ್ದಾದರೂ ಕಬ್ಬಿಣ ಕಬ್ಬಿಣವೇ. ದಿನಾ ನೀರು ಬಿದ್ದು ತುಕ್ಕು ಹಿಡಿದಿದೆ. "ಇನ್ ಮ್ಯಾಲೆ ನೀರು ಹಾಕ್ಬೇಡ ಕಣವ್ವ. ಹಿಂಗೇ ಬುಟ್ರೆ ಪುಡಿಯಾಗೋಯ್ತದೆ" ಅಂದ ಮೈದುನ.

ಸೋಮವಾರ ಅತ್ತೆ ಎಂದಿನಂತೆ ಚೊಂಬು ತುಂಬಿಕೊಂಡು ಗೂಡಿನ ಮುಂದೆ ಕುಳಿತರು. ಹುಯ್ದರೆ ದೇವರು ಉಳಿಯುವುದಿಲ್ಲ. ಹುಯ್ಯದಿದ್ದರೆ ಪೂಜೆಯಾಗುವುದಿಲ್ಲ. ಹೊತ್ತು ನೆತ್ತಿಗೆ ಬಂತು, ಮುದ್ದೆ ತಣ್ಣಗಾಯಿತು.

ಕೊನೆಗೆ ಅವರೇ ಒಣಬಟ್ಟೆ ಕೇಳಿದರು. ಹೊಲದಪ್ಪನನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದರು. ಮೆಲ್ಲಗೆ ಎಣ್ಣೆ ಸವರಿದರು.

"ಜ್ವರ ಬಂದ ಮಗೀಗೆ ನೀರ್ ಹುಯ್ತೀವೇನೇ? ಮೈ ಒರೆಸ್ತೀವಿ. ಅದೂ ಸ್ನಾನವೇಯ" ಅಂದರು. ಆಮೇಲೆ ಮುದ್ದೆ ಬಡಿಸು ಎಂದರು.

ಅಷ್ಟು ಮೇಲಿಂದ ಬಿದ್ದೂ ಉಳಿದ ಕಲ್ಲು ನಮ್ಮ ಚೊಂಬಿನ ನೀರಿಗೆ ಸವೆಯುತ್ತಿತ್ತು. ಮನೆಯೊಳಗೆ ಹೀಗೆ ಪ್ರೀತಿಯಿಂದಲೇ ನಾವು ದಿನಾ ಸವೆಸುತ್ತಿರುವುದು ಇನ್ನೇನೇನಿದೆಯೋ?