ಕೆಂಪು ದಾರದ ಪೆನ್ ಡ್ರೈವ್

ಚನಬಸಪ್ಪ ಕಾಕಾನ ದನಿಯನ್ನು ಅಳಿಸಿ ಹಾಕಿದವಳು ನಾನು. ಅಳಿಸಿದ ಮೇಲೆ ಆ ತಪ್ಪನ್ನು ಅವರ ತಲೆಗೇ ಕಟ್ಟಿದವಳೂ ನಾನೇ. ಮೊದಲನೆಯದು ಕೈತಪ್ಪಿ ಆದದ್ದು ಎನ್ನಬಹುದು — ಎರಡನೆಯದು ಹಾಗಲ್ಲ. ಏಳನೆಯ ವರ್ಷ ನಡೆದಿದೆ, ಒಬ್ಬರ ಮುಂದೆಯೂ ಬಾಯಿ ಬಿಟ್ಟಿಲ್ಲ. ಸುವರ್ಣಾಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಗುಳೇದಗುಡ್ಡದ ನಮ್ಮ ಓಣಿಯೇ ನಗುತ್ತದೆ. ಇದೊಂದು ಎಳ್ಳು ನೆನೆದು, ಕೊಳೆತು, ಇನ್ನೂ ನಾಲಿಗೆಯ ಕೆಳಗೇ ಇದೆ.

ಕಾಕಾ ಎಂದರೆ ಸ್ವಂತ ಕಾಕಾ ಅಲ್ಲ, ಪಕ್ಕದ ಮನೆಯವರು. ಕುಪ್ಪಸದ ಖಣ ನೇಯುವವರು. ಮಗ್ಗದ ಸದ್ದನ್ನೂ ಮೀರಿಸುವ ದನಿ ಅವರದು. ಒಳಗೆ ನೇಯುತ್ತ ಕೂತೇ ಓಣಿಯಲ್ಲಿ ಹೋಗಿಬರುವವರನ್ನು ಹೆಸರು ಹಿಡಿದು ಕೂಗಿ ಚೇಷ್ಟೆ ಮಾಡುತ್ತಿದ್ದರು. ನಾನು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನೇಕಾರರಿಗೆ ಖಣದ ಡಿಸೈನ್ ತೆಗೆದುಕೊಡುತ್ತೇನೆ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಒಂದು ಕೂಗು ಬರುತ್ತಿತ್ತು: "ಏ ಸುವರ್ಣಿ, ನಿನ್ನ ಡಬ್ಬಿ ಎದ್ದೈತೇನ, ಇನ್ನೂ ಮಕ್ಕೊಂಡೈತೋ?"

ಆ ಗಂಟಲಿಗೇ ರೋಗ ಬಂತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದರು. ಹುನಗುಂದಕ್ಕೆ ಕೊಟ್ಟಿದ್ದ ಅವರ ಮಗಳು ಶಾಂತಾ — ನನ್ನ ಗೆಳತಿ — ಆಗ ಚೊಚ್ಚಲ ಬಸುರಿ. ಕಾಕಾನಿಗೆ ಸಾವಿನ ಹೆದರಿಕೆ ಇರಲಿಲ್ಲ. ಹುಟ್ಟುವ ಕೂಸು ತನ್ನ ದನಿ ಕೇಳುವುದಿಲ್ಲವಲ್ಲ ಎಂಬುದೊಂದೇ ಕೊರಗು.

ಆಪರೇಶನ್ನಿಗೆ ಒಂದು ವಾರವಿರುವಾಗ ನನ್ನ ಕೋಣೆಗೆ ಬಂದು ಕೂತರು. "ತೊಟ್ಟಲದಾಗ ಹಾಕೋ ದಿನಾ ಕೂಸಿಗೆ ನನ್ನ ದನಿ ಕೇಳಸಬೇಕ ನೋಡವಾ. ಏನ ಮಾಡ್ತಿ ಮಾಡು."

ಅವರ ಫೋನಿನಲ್ಲೇ ರೆಕಾರ್ಡ್ ಮಾಡುವುದನ್ನು ತೋರಿಸಿಕೊಟ್ಟೆ. ಈ ಕೆಂಪು ಬಟನ್ ಒತ್ತಬೇಕು, ಅಂಕಿ ಓಡತೊಡಗಿದರೆ ದನಿ ಒಳಗೆ ಹೋಗುತ್ತಿದೆ ಎಂದು ಅರ್ಥ. ಹತ್ತು ಸಲ ಒತ್ತಿಸಿ ಕಲಿಸಿದೆ. ನನ್ನೆದುರು ಮಾತಾಡಲು ಅವರಿಗೆ ನಾಚಿಕೆ. ನನ್ನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು, ನಾಲ್ಕು ಮಧ್ಯಾಹ್ನ ಒಬ್ಬರೇ ಕೂತು ಮಾತಾಡಿದರು. ಮುಗಿದ ಮೇಲೆ ಫೋನನ್ನು ನನ್ನ ಕೈಯಲ್ಲಿಟ್ಟು, "ಯಾರೂ ಕೇಳಬ್ಯಾಡ್ರಿ. ನೀನೂ ಕೇಳಬ್ಯಾಡ. ಮೊದಲ ಕೂಸ ಕೇಳಲಿ" ಎಂದರು.

ನಾನು ಕೇಳಿದೆ. ದನಿ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಬೇಕಲ್ಲ — ಅಷ್ಟೇ ಎಂದುಕೊಂಡು ಮೊದಲ ಒಂದು ನಿಮಿಷ ಕೇಳಿದೆ. "ಏ ಕೂಸ... ನಾ ನಿನ್ನ ಮುತ್ಯಾ. ನಿನ್ನ ಹೆಸರ ಏನ ಇಡ್ತಾರೋ ನನಗ ಗೊತ್ತಿಲ್ಲ. ನಾ ಕರದಾಗ ಮಾತ್ರ ಓ ಅನ್ನಬೇಕ ನೋಡ ಮತ್ತ." ಆಮೇಲೆ ಒಂದು ಕೆಮ್ಮು, ಒಂದು ನಗು. ಮುಂದೆ ಕೇಳಲು ಧೈರ್ಯ ಬರಲಿಲ್ಲ, ನಿಲ್ಲಿಸಿದೆ.

ಅವರ ಫೋನು ತುಂಬಿ ದವಾಖಾನೆಯ ಚೀಟಿಗಳ ಫೋಟೋ ಕೂಡ ಹಿಡಿಯುತ್ತಿರಲಿಲ್ಲ. ಹಾಗಾಗಿ ಆ ದನಿಯನ್ನೆಲ್ಲ ಫೋನಿನಿಂದ ತೆಗೆದು ನನ್ನದೊಂದು ಪೆನ್ ಡ್ರೈವಿಗೆ ಹಾಕಿದೆ. ಅಂಥದ್ದೇ ಇನ್ನೊಂದು ಖಾಲಿ ಪೆನ್ ಡ್ರೈವ್ ನನ್ನಲ್ಲಿತ್ತು. ಗುರುತು ಸಿಗಲೆಂದು ಕಾಕಾನೇ ತಮ್ಮ ಮಗ್ಗದ ದಾರ ಕಡಿದು ತಂದರು. ದನಿ ಇದ್ದುದಕ್ಕೆ ಕೆಂಪು ದಾರ, ಖಾಲಿಯದಕ್ಕೆ ಹಸಿರು. "ಇನ್ನೊಂದ ಕಡೆನೂ ಹಾಕಿಡ ಸುವರ್ಣಾ" ಎಂದಳು ಅಪ್ಪನನ್ನು ನೋಡಲು ಬಂದಿದ್ದ ಶಾಂತಾ. "ಹಾಕ್ತೇನಿ ಬಿಡ, ಏನ ಓಡಿ ಹೋಗ್ತೈತೇನು?" ಎಂದೆ. ಹಾಕಲಿಲ್ಲ. ನಾಳೆ, ನಾಡಿದ್ದು ಎಂದು...

ಶ್ರಾವಣದಲ್ಲಿ ಕಾಕಾನ ಆಪರೇಶನ್ ಆಯಿತು. ಗೋಡೆಯಾಚೆ ಮಗ್ಗದ ಸದ್ದು ಮಾತ್ರ ಉಳಿಯಿತು. ಮಾತಿಗೆ ಒಂದು ಪಾಟಿ, ಒಂದು ಬಳಪ.

ಖಂಡೇನವಮಿ ಬಂತು. ಆ ದಿನ ನಮ್ಮ ಕಡೆ ಅನ್ನ ಕೊಡುವ ಸಾಮಾನುಗಳೆಲ್ಲ ಪೂಜೆಗೆ ಕೂಡುತ್ತವೆ. ನೇಕಾರರಿಗೆ ಮಗ್ಗ, ಲಾಳಿ, ನನಗೆ ಕಂಪ್ಯೂಟರು. ಅವ್ವ ಮೌಸಿಗೂ ವಿಭೂತಿ ಹಚ್ಚಿದಳು. ನಾನು ಎರಡೂ ಪೆನ್ ಡ್ರೈವುಗಳನ್ನು ತಂದು ಮುಂದಿಟ್ಟೆ — ಭಕ್ತಿಯಿಂದಲ್ಲ, ಅವ್ವನ ಬಾಯಿಗೆ ಹೆದರಿ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವಳು ಎರಡರ ಹಳೆಯ ದಾರವನ್ನೂ ಕತ್ತರಿಸಿ ತೆಗೆದು, ಎಲ್ಲ ಸಾಮಾನಿಗೆ ಕಟ್ಟಿದ ಹಾಗೆ ಅವಕ್ಕೂ ಹೊಸ ಅರಿಶಿಣದ ದಾರ ಕಟ್ಟಿದ್ದಳು. ಹಳೆಯ ದಾರದ ಮೇಲೆ ಪೂಜೆ ಮಾಡಬಾರದಂತೆ. ಅವ್ವನ ತಪ್ಪಿಲ್ಲ. ಕೆಂಪಿಗೆ ಏನು ಅರ್ಥ, ಹಸಿರಿಗೆ ಏನು ಅರ್ಥ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಮರುದಿನ ದಶಮಿ. ಕಂಪ್ಯೂಟರು ಕೆಲವು ದಿನಗಳಿಂದ ತಾನಾಗಿ ಆರಿಹೋಗುತ್ತಿತ್ತು. ಬಾಗಲಕೋಟೆಯ ರಿಪೇರಿಯವನು ಫೋನಿನಲ್ಲಿ ಹೇಳಿದ್ದ: "ಒಂದ ಖಾಲಿ ಪೆನ್ ಡ್ರೈವ್‌ನಾಗ ರಿಕವರಿ ಡ್ರೈವ್ ಮಾಡಿ ಇಟ್ಕೊರಿ ಅಕ್ಕಾರ. ನಾಳೆ ಕಂಪ್ಯೂಟರ್ ಏಳಲಿಲ್ಲ ಅಂದ್ರ ಅದರಿಂದ ಎಬ್ಬಸಬಹುದು." ಮಧ್ಯಾಹ್ನ ಕೂತೆ. ಎರಡಕ್ಕೂ ಒಂದೇ ಹಳದಿ ದಾರ. ತೆರೆದು ನೋಡಬೇಕಿತ್ತು. ಬಲಗಡೆ ಇಟ್ಟಿದ್ದು ಖಾಲಿಯದು ಎಂಬ ನೆನಪು ಗಟ್ಟಿಯಾಗಿತ್ತು — ಗಟ್ಟಿಯಾಗಿತ್ತು ಎಂದುಕೊಂಡೆ. ಬಲಗಡೆಯದನ್ನು ತೆಗೆದು ಚುಚ್ಚಿದೆ. ಈ ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ ಎಂದು ಪರದೆ ಮುಂಚೆಯೇ ಎಚ್ಚರಿಸಿತು. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ, ಓದಿದೆ. ಓದಿಯೂ ಒತ್ತಿದೆ. ಅದು ಒಂದು ತಾಸು ನಡೆಯಿತು. ಅಷ್ಟೂ ಹೊತ್ತು ನಾನು ಅಡುಗೆಮನೆಯಲ್ಲಿ ಅವ್ವನ ಜೊತೆ ಹೋಳಿಗೆ ತಿನ್ನುತ್ತಿದ್ದೆ.

ರಿಕವರಿ ಡ್ರೈವ್ ತಯಾರಾಯಿತು. ಇನ್ನು ಕೆಂಪು ದಾರ ಮತ್ತೆ ಕಟ್ಟೋಣವೆಂದು ಇನ್ನೊಂದನ್ನು ತೆರೆದೆ. ಖಾಲಿ.

ತೆಗೆದು ಮತ್ತೆ ಹಾಕಿದೆ. ಖಾಲಿ. ಮೊದಲಿನದನ್ನು ಮತ್ತೆ ಚುಚ್ಚಿ ನೋಡಿದೆ, ಅದರಲ್ಲಿ ರಿಕವರಿಯ ಫೈಲುಗಳು ಮಾತ್ರ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ಕಾಕಾ! ಕೈಯಲ್ಲಿ ಬನ್ನಿ ಎಲೆ. ವರ್ಷಾ ವರ್ಷಾ ಓಣಿಯ ಆ ತುದಿಯಿಂದಲೇ "ಬಂಗಾರದಂಗ ಇರೋಣ" ಎಂದು ಒದರುತ್ತ ಬರುತ್ತಿದ್ದವರು, ಆ ದಿನ ಸುಮ್ಮನೆ ನನ್ನ ಅಂಗೈ ಬಿಡಿಸಿ ಎಲೆ ಇಟ್ಟರು. ಕಂಪ್ಯೂಟರನ್ನು ಒಮ್ಮೆ ನೋಡಿದರು, ತಮ್ಮ ಗಂಟಲು ಮುಟ್ಟಿಕೊಂಡು ನಕ್ಕರು. ನನ್ನ ದನಿ ಅಲ್ಲೇ ಇದೆಯಲ್ಲ ಎಂದು ಕೇಳಿದ ಹಾಗೆ. ನಾನು ತಲೆ ಆಡಿಸಿದೆ. ಹೌದು ಎಂದು ಆಡಿಸಿದೆ.

ಮರುವಾರ ಬಾಗಲಕೋಟೆಗೆ ಓಡಿದೆ. "ಮ್ಯಾಲ ಹೊಸಾದು ಬರದಬಿಟ್ಟೈತ್ರಿ, ಏನೂ ಸಿಗೂದಿಲ್ಲ" ಎಂದ ರಿಪೇರಿಯವನು. ಇಳಕಲ್ಲಿನಲ್ಲಿ ಇನ್ನೊಬ್ಬನಿದ್ದಾನೆಂದು ಕೇಳಿ ದೀಪಾವಳಿ ಮುಗಿದ ಮೇಲೆ ಅಲ್ಲಿಗೂ ಹೊರಟೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಪೊಟ್ಟಣ ಹಿಡಿದು ಹತ್ತಿದವನು ಯಾರು — ಶಾಂತಾಳ ಗಂಡ! "ಹೆಣ್ಣ ಕೂಸ ಆತ್ರಿ ಅಕ್ಕಾ, ರಾತ್ರಿ ಹುನಗುಂದ ದವಾಖಾನಿಯಿಂದ ಫೋನ್ ಬಂತು, ಊರಿಗೇ ಹೊಂಟೇನಿ. ನೀವ ಎಲ್ಲಿಗೆ ಹೊಂಟೀರಿ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ನಾನು ಪೆನ್ ಡ್ರೈವ್ ಇದ್ದ ಪರ್ಸನ್ನು ಸೆರಗಿನೊಳಗೆ ಒತ್ತಿ ಹಿಡಿದೆ. ಸೀರೆ ನೋಡಲು ಎಂದೆ. ಇಳಕಲ್ಲಿನವನೂ ಅದೇ ಮಾತು ಹೇಳಿದ.

ತೊಟ್ಟಿಲ ಹಿಂದಿನ ದಿನ ಕಾಕಾ ಪಾಟಿ ಹಿಡಿದು ಬಂದರು, ಹಿಂದೆ ಶಾಂತಾಳ ಗಂಡ ಸ್ಪೀಕರ್ ಹೊತ್ತು ಬಂದ. ಖರೆ ಹೇಳಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅವರ ಮುಖ ನೋಡಿದೆ. ಹೆದರಿಕೆ — ಅಷ್ಟೇ, ಬೇರೇನೂ ಅಲ್ಲ. ನನ್ನ ಬಾಯಿಂದ ಬಂದ ಮಾತು ಇದು:

"ಕಾಕಾ, ಫೈಲ್ ಅದಾವ್ರಿ, ಒಳಗ ದನಿ ಇಲ್ಲ. ನೀವ ಬಟನ್ ಸರಿ ಒತ್ತಿರ್ಲಿಲ್ಲ ಕಾಣಸ್ತೈತಿ."

"ಅವತ್ತ ನೋಡಿರ್ಲಿಲ್ಲೇನ್ರಿ ಅಕ್ಕಾ?" ಎಂದ ಅಳಿಯ.

"ಯಾರೂ ಕೇಳಬ್ಯಾಡ್ರಿ ಅಂತ ಕಾಕಾನ ಅಂದಿದ್ರಲ್ಲ."

ಕಾಕಾ ಸ್ವಲ್ಪ ಹೊತ್ತು ತಮ್ಮ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ಅದೇ ಕೈಯಿಂದ ತಮ್ಮ ಹಣೆ ಬಡಿದುಕೊಂಡರು. ಪಾಟಿಯ ಮೇಲೆ ಬರೆದರು: ನಾನ ದಡ್ಡ. ಬರೆದು, ನನಗೇ ಸಮಾಧಾನ ಹೇಳುವಂತೆ ನನ್ನ ತಲೆ ಸವರಿ ಹೋದರು.

ಮರುದಿನ ತೊಟ್ಟಿಲು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು. ಎಲ್ಲರೂ ಸರಿದ ಮೇಲೆ ಕಾಕಾ ಬಗ್ಗಿ ಕೂಸಿನ ಕಿವಿಯ ಹತ್ತಿರ ಬಾಯಿ ತಂದರು. ತುಟಿ ಆಡಿದವು. ಗಾಳಿ ಮಾತ್ರ ಬಂತು. ನಾನು ಹಿತ್ತಿಲಿಗೆ ಓಡಿದೆ. ಆ ಪೆನ್ ಡ್ರೈವನ್ನು ಅಂದೇ ಜೋಳದ ಡಬ್ಬಿಯ ತಳಕ್ಕೆ ಹುಗಿದೆ. ಅಳಿಸಿದ್ದನ್ನು ಪತ್ತೆ ಹಚ್ಚುವವರು ಹುಬ್ಬಳ್ಳಿಯಲ್ಲಿದ್ದಾರಂತೆ ಎಂದು ಯಾರಾದರೂ ಅಂದರೆ ಸಾಕು, ಇಂದಿಗೂ ಮಾತನ್ನು ಬೇರೆ ಕಡೆ ತಿರುಗಿಸುತ್ತೇನೆ. ಗೋಡೆಯಾಚೆ ಮಗ್ಗ ನಡುವೆ ನಿಂತರೂ ಹೆದರುತ್ತೇನೆ — ಗೊತ್ತಾಯಿತೇನೋ, ಎದ್ದು ಬರುತ್ತಿದ್ದಾರೇನೋ...

ಕೂಸಿನ ಹೆಸರು ನೀಲಾ. ಈಗ ಸಾಲೆಗೆ ಹೋಗುತ್ತಾಳೆ. ಮೊನ್ನೆ ಸೂಟಿಗೆ ಬಂದವಳು ನನ್ನ ಕೋಣೆಯಲ್ಲಿ ಫೋನಿನೊಂದಿಗೆ ಆಡುತ್ತ ಕೂತಿದ್ದಳು. ಕಾಕಾ ಬಾಗಿಲಲ್ಲಿದ್ದರು. ಹುಡುಗಿ ನಗುತ್ತ ಹೇಳಿದಳು: "ಚಿಗವ್ವಾ, ಮುತ್ಯಾಗ ಬಟನ್ ಒತ್ತಾಕ ಬರಂಗಿಲ್ಲಂತ. ನನ್ನ ಸಲುವಾಗಿ ಮಾತಾಡಿದ್ನಂತ, ಬಟನ್ ಒತ್ತೂದ ಮರತ್ನಂತ. ದಡ್ಡ ಮುತ್ಯಾ!" ಅವರ ಮನೆಯಲ್ಲಿ ಅದು ನಗೆಯ ಮಾತಾಗಿಬಿಟ್ಟಿದೆ. ಕಾಕಾ ದನಿಯಿಲ್ಲದೆ ನಕ್ಕು, ಹೌದು ಹೌದು ಎಂದು ತಲೆ ಆಡಿಸಿದರು. ಹೆಬ್ಬೆರಳು ಎತ್ತಿ ಮೊಮ್ಮಗಳಿಗೆ ತೋರಿಸಿ, ಅದಕ್ಕೆ ತಾವೇ ಒಂದು ಏಟು ಹಾಕಿದರು.

ಅದನ್ನು ನೋಡಿದ ಮೇಲೆ ಅನ್ನ ಇಳಿಯುತ್ತಿಲ್ಲ. ಇಂದು ಜೋಳದ ಡಬ್ಬಿಗೆ ಕೈ ಹಾಕಿ ಪೆನ್ ಡ್ರೈವ್ ತೆಗೆದೆ. ಹಳದಿ ದಾರ ಬಿಳಿಚಿದೆ. ಧೈರ್ಯ ಬಂದಿದೆ ಎಂದು ಸುಳ್ಳು ಹೇಳಲಾರೆ. ಶಾಂತಾ ಮುಖ ತಿರುಗಿಸಬಹುದು, ಓಣಿ ಉಗುಳಬಹುದು. ಉಗುಳಲಿ. ನಾನು ಕದ್ದು ಕೇಳಿದ ಆ ಒಂದು ನಿಮಿಷದ ಮಾತನ್ನು ನೀಲಾಳಿಗೆ ಅಕ್ಷರ ಬಿಡದೆ ಹೇಳುತ್ತೇನೆ. ನನ್ನ ಬಾಯಲ್ಲಿ ಅದು ಮುತ್ಯಾನ ದನಿ ಆಗುವುದಿಲ್ಲ, ಗೊತ್ತು.

ಮಗ್ಗದ ಸದ್ದು ಕೇಳುತ್ತಿದೆ, ಕಾಕಾ ಮನೆಯಲ್ಲೇ ಇದ್ದಾರೆ. ಈಗಲೇ ಹೋಗುತ್ತೇನೆ. ಬಾಯಿ ಕೈಕೊಟ್ಟರೆ ಅವರ ಪಾಟಿಯನ್ನೇ ತೆಗೆದುಕೊಂಡು ಬರೆಯುತ್ತೇನೆ:

ಕಾಕಾ, ನೀವು ಬಟನ್ ಒತ್ತಿದ್ದಿರಿ.