ಕರಿಬೇವು ಮಲಗುತ್ತಿದ್ದ ಗ್ಯಾರೇಜು

ಆಗೆಲ್ಲ ನವೆಂಬರ್ ಬಂತೆಂದರೆ ಹಿಮ ಬೀಳುವ ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಕಾರು ಹೊರಗೆ, ಕರಿಬೇವಿನ ಗಿಡ ಗ್ಯಾರೇಜಿನ ಒಳಗೆ. ಅಪ್ಪ ಗೋಡೆಗೂ ಬಾಗಿಲಿಗೂ ಇನ್ಸುಲೇಷನ್ ಹಾಕಿ, ಸಣ್ಣ ಎಲೆಕ್ಟ್ರಿಕ್ ಹೀಟರನ್ನು ನಲವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ದರು. ಮೂವತ್ತೆರಡಕ್ಕೆ ನೀರು ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಗಿಡಕ್ಕೆ ಸಾಕು. ಮನೆಯೊಳಗಿಟ್ಟ ಮೊದಲೆರಡು ಗಿಡಗಳು ಒಣ ಬಿಸಿಗೆ ಹುಳು ಹತ್ತಿ ಸತ್ತಿದ್ದವು. ಇದು ಮೂರನೆಯದು, ಅಮ್ಮ ಬೀಜದಿಂದ ಬೆಳೆಸಿದ್ದು. ಇದೂ ಹೋದರೆ ಇನ್ನು ಬೆಳೆಸುವುದಿಲ್ಲ ಎಂದಿದ್ದರು.

ಚಳಿಗೆ ಎಲೆಯೆಲ್ಲ ಉದುರಿ ಗಿಡ ಬರೀ ಕಡ್ಡಿಯಾಗುತ್ತಿತ್ತು. ದಿನಾ ಊಟವಾದ ಮೇಲೆ ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಹೋಗಿ, ಥರ್ಮಾಮೀಟರ್ ನೋಡಿ ಬಂದು ಒಂದೇ ಮಾತು ಹೇಳುತ್ತಿದ್ದರು: "ಮಲಗಿದೆ."

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಭಾನುವಾರ ಹಿಮಮಳೆ ಸುರಿದು ಕರೆಂಟ್ ಹೋಯಿತು. ಹೀಟರ್ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜು ಮೂವತ್ತನಾಲ್ಕಕ್ಕೆ ಇಳಿದಿತ್ತು. ಗಿಡವಿದ್ದ ಡ್ರಮ್ಮನ್ನು ಮೆಟ್ಟಿಲು ಹತ್ತಿಸಿ ಮನೆಯೊಳಗೆ ತರಲು ನೋಡಿದೆವು, ಆಗಲಿಲ್ಲ. ಅಪ್ಪ ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹೊತ್ತಿಸಿದರು. ಇಡ್ಲಿ ಪಾತ್ರೆ, ಕುಕ್ಕರು, ಸಾರಿನ ಪಾತ್ರೆ, ಎಲ್ಲದರಲ್ಲೂ ನೀರು ಕಾಯಿಸಿ ಗಿಡದ ಸುತ್ತ ಇಟ್ಟೆವು. ಅಮ್ಮ ಹಳೆಯ ರಜಾಯಿ ಹೊದಿಸಿದರು.

"ನಮಗೆ ಒಂದು ಲೋಟ ಕಾಫಿ ಇಲ್ಲ, ಗಿಡಕ್ಕೆ ಅಭ್ಯಂಜನ! ಸೀಗೆಪುಡಿ ತರ್ಲಾ?" ಎಂದರು ಅಮ್ಮ.

"ತಗೊಂಬಾ. ಒಗ್ಗರಣೆ ಹಾಕೋಳು ನೀನು ತಾನೆ?" ಎಂದರು ಅಪ್ಪ.

"ಅಪ್ಪಾ, ಇಟ್ಸ್ ಆಲ್ರೆಡಿ ಡೆಡ್," ಎಂದೆ ನಾನು.

ಅಪ್ಪ ರಜಾಯಿ ಸರಿಸಿ, ಕಾಂಡವನ್ನು ಉಗುರಿನಿಂದ ಸ್ವಲ್ಪವೇ ಕೆರೆದರು. ತೊಗಟೆಯ ಕೆಳಗೆ ಹಸಿರಿತ್ತು. "ನೋಡು ಪುಟ್ಟಿ. ಮಲಗಿದೆ ಅಷ್ಟೆ."

ಆರಿದ ಪಾತ್ರೆ ಒಳಗೆ ತರುವುದು, ಕಾದ ಪಾತ್ರೆ ಒಯ್ಯುವುದು. ಮೂವರೂ ಸಂಜೆಯವರೆಗೆ ಓಡಾಡಿದೆವು. ಸಾರಿನ ಪಾತ್ರೆಯ ಆವಿಯಲ್ಲಿ ಇಂಗಿನ ವಾಸನೆಯಿತ್ತು. ಕರೆಂಟ್ ಬಂದಾಗ ಥರ್ಮಾಮೀಟರ್ ಮೂವತ್ತಮೂರು ತೋರಿಸುತ್ತಿತ್ತು. ಮೇ ತಿಂಗಳಲ್ಲಿ ಗಿಡ ಚಿಗುರಿತು. ಅದರ ಮೊದಲ ಎಲೆಗಳು ಚಿತ್ರಾನ್ನಕ್ಕೆ ಬಿದ್ದವು.

ಅಪ್ಪ ತೀರಿಕೊಂಡದ್ದು ಹೋದ ಅಕ್ಟೋಬರಿನಲ್ಲಿ. ಅಮ್ಮ ಈಗ ಶಿಕಾಗೊ ಹತ್ತಿರದ ನನ್ನ ಮನೆಯಲ್ಲಿದ್ದಾರೆ, ಜೊತೆಗೆ ಆ ಗಿಡವೂ. ನನ್ನ ಗ್ಯಾರೇಜಿನ ಹೀಟರೂ ನಲವತ್ತಕ್ಕಿದೆ. ಎಷ್ಟಿದೆಯೆಂದು ಫೋನಿನಲ್ಲೇ ಕಾಣುತ್ತದೆ. ಯಾರೂ ಟೋಪಿ ಹಾಕಿಕೊಂಡು ಎದ್ದು ಹೋಗಬೇಕಾಗಿಲ್ಲ.

ಊಟವಾದ ಮೇಲೆ ಅಮ್ಮ ಗ್ಯಾರೇಜಿನ ಬಾಗಿಲ ಕಡೆ ನೋಡುತ್ತಾರೆ. ನಾನು ಫೋನ್ ನೋಡಿ, "ನಲವತ್ತಿದೆ ಅಮ್ಮ," ಎನ್ನುತ್ತೇನೆ. ಅಮ್ಮ ತಲೆಯಾಡಿಸಿ, ಇನ್ನೂ ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿರುತ್ತಾರೆ. ಅವರು ಕಾಯುತ್ತಿರುವ ಮಾತು ಯಾವುದೆಂದು ನನಗೆ ಗೊತ್ತು. ಅದನ್ನು ಹೇಳಲು ನನಗಿನ್ನೂ ಆಗಿಲ್ಲ.