ನೀಲಿ ಬಕೆಟ್ಟು, ಹರಳುಪ್ಪು

ರಾಯಚೂರಿನ ನಮ್ಮ ಓಣ್ಯಾಗ ನಿಂತು ಸಮುದ್ರ ಯಾವ ಕಡಿ ಅದ ಅಂತ ಕೇಳಿದ್ರ ನಾಕು ಮಂದಿ ನಾಕು ದಿಕ್ಕಿಗೆ ಕೈ ತೋರಸ್ತಾರ. ನಮಗ ನೀರಂದ್ರ ಆ ಕಡಿ ಕೃಷ್ಣಾ, ಈ ಕಡಿ ತುಂಗಭದ್ರಾ, ನಡುವ ನಳ ಯಾವಾಗ ಬರ್ತದ ಅನ್ನೋ ಚಿಂತಿ. ಅಂಥಾ ಊರಾಗ ಕುಂತು ನಾನು ಸಮುದ್ರದ ಮ್ಯಾಗ ತಕರಾರು ತಗದೆ. ಮೂವತ್ತು ವರ್ಷ ಹೈಸ್ಕೂಲಿನಾಗ ವಿಜ್ಞಾನ ಕಲಿಸಿದಾಕಿ ನಾನು. ಮೊದಲು ದೇವದುರ್ಗ, ಆಮ್ಯಾಲ ಮಾನ್ವಿ. ರಿಟೈರಾಗಿ ಮನ್ಯಾಗ ಕುಂತ ಮ್ಯಾಗ ಕಲಿಸಾಕ ಯಾರೂ ಸಿಗಲಿಲ್ಲ. ನಮ್ಮ ಮನಿಯವ್ರಿಗೆ ಕಲಿಸೋಣ ಅಂದ್ರ ಅವ್ರು ಪೇಪರ್ ಅಡ್ಡ ಹಿಡದು ಕುಂದರೋರು. ಕಡಿಗೆ ಇಡೀ ಓಣಿಗೇ ಪಾಠ ಹೇಳಾಕ ನಿಂತೆ.

ನಮಗ ಉಪ್ಪು ತರಾವ ಮಾನ್ವಿಯ ಒಬ್ಬ ಚಾಚಾ. ಹದಿನೈದು ದಿನಕ್ಕೊಮ್ಮೆ ಅವನ ಮೂರು ಗಾಲಿ ಟಂಟಂ ಗಾಡಿ ಬರೋದು. ಮ್ಯಾಲೊಂದು ಭೋಂಗಾ ಕಟ್ಟಿ, ಅದರಾಗ ಅವಂದೇ ದನಿ ತುಂಬಿಸಿ ಇಟ್ಟಿದ್ದ: "ಹರಳುಪ್ಪೂ! ಒಡದ ಬಕೆಟ್, ಸೀಳಿದ ಕೊಡ, ಮುರದ ಕುರ್ಚಿ ಕೊಡ್ರೀ, ಉಪ್ಪು ತಗೋರ್ರೀ!" ಕನ್ನಡ ಮುಗದ ಮ್ಯಾಗ ಅದೇ ಮಾತು ದಖನಿ ಉರ್ದುವಿನ್ಯಾಗ, ಆಮ್ಯಾಲ ತೆಲುಗಿನ್ಯಾಗ. ಮೂರೂ ಭಾಷಿ ಮುಗಿಯೋದ್ರಾಗ ನಾವು ಹೆಣ್ಮಕ್ಕಳು ಮುರುಕು ಪ್ಲಾಸ್ಟಿಕ್ ಹುಡುಕಿ ಹೊರಗ ಬಂದಿರ್ತಿದ್ವಿ. ನಮ್ಮ ಬಿಸಿಲಿಗೆ ಬಕೆಟ್ ಎರಡು ಬ್ಯಾಸಗಿ ತಾಳಿದ್ರ ಅದು ಅದರ ಪುಣ್ಯ, ಹಿಂಗಾಗಿ ಮುರುಕಿಗೇನೂ ಬರ ಇರಲಿಲ್ಲ. ಬಕೆಟ್ ಕೊಟ್ರ ಒಂದು ಸೇರು ಉಪ್ಪು, ಮಗ್ಗಿಗೆ ಅರ್ಧ. ಚಾಚಾ ನಾವು ಕೊಟ್ಟದ್ದನ್ನ ಟಂಟಂದಾಗ ಒಗದು, ಜಾಗ ಸಾಲಲಿಲ್ಲಂದ್ರ ಮ್ಯಾಲ ಹತ್ತಿ ಕಾಲಿಲೆ ಲಟಲಟ ತುಳದು ಚಪ್ಪಟಿ ಮಾಡ್ತಿದ್ದ. ಕೆಳಗಿಳದು, ಬಾಜೂಕ ಬಾಯಿ ತಗದು ನಿಂತ ಚೀಲದಾಗಿಂದ ಉಪ್ಪು ತುಂಬಿ ಕೊಡ್ತಿದ್ದ.

ಇದರಾಗ ಏನು ಲೋಪ ಅದ ಅಂತ ನಿಮಗ ಈಗಾಗ್ಲೇ ಹೊಳದಿರ್ತದ. ವಿಜ್ಞಾನದ ಟೀಚರಿಗೆ ಹೊಳಿಯಾಕ ಒಂದು ವರ್ಷ ಹಿಡೀತು.

ಒಂದು ಮುಂಜಾನಿ ಮನಿಯವ್ರು ಪೇಪರಿನ ಹಿಂದಿಂದ ಅಂದ್ರು, "ಸಮುದ್ರದ ಉಪ್ಪಿನಾಗ ಪ್ಲಾಸ್ಟಿಕ್ ಇರ್ತದಂತ ನೋಡು. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಚೂರಂತ." ನನಗ ಮೈಯಾಗ ಜೀವ ಬಂದಂಗಾತು. ಎಷ್ಟು ದಿನ ಆಗಿತ್ತೋ ಒಂದು ಪ್ರಯೋಗ ಮಾಡಿ! ಅವರ ಹಳೇ ಬಿಳೀ ಧೋತ್ರದ ಒಂದು ತುಂಡು ಹರದೆ. ಎರಡು ಹಿಡಿ ಹರಳುಪ್ಪು ನೀರಾಗ ಕರಗಿಸಿ ಅದರಾಗ ಸೋಸಿದೆ. ಅಯ್ಯ ಶಿವನೇ! ಅರಿವಿ ಮ್ಯಾಗ ಮಣ್ಣಿನ ಜೋಡಿ ನೀಲಿ ಚೂರು, ಗುಲಾಬಿ ಚೂರು, ಒಂದೆರಡು ಹಸರು. ಎಳ್ಳಿನಷ್ಟು ಇದ್ವು, ಬರಿಗಣ್ಣಿಗೆ ಎದ್ದು ಕಾಣಾಕತ್ತಿದ್ವು.

ಮನಿಯವ್ರು ಚಷ್ಮಾ ಹಾಕ್ಕೊಂಡು ಬಗ್ಗಿ ನೋಡಿ ಒಂದು ಮಾತು ಕೇಳಿದ್ರು: "ಕಾಣದಂಥಾ ಚೂರು ಅಂತ ಬರದಾರಲ್ಲ, ನಿನಗ ಹ್ಯಾಂಗ ಕಂಡ್ವು?"

"ನಿಮಗ ಅಡಗಿಮನ್ಯಾಗ ಎದುರಿಗಿದ್ದ ಉಪ್ಪಿನ ಡಬ್ಬಿನೇ ಕಾಣಂಗಿಲ್ಲ, ಸುಮ್ನ ಕುಂದರ್ರಿ" ಅಂದೆ. ಪಾಪ, ಸುಮ್ನ ಕುಂತ್ರು. ನನ್ನ ಜನ್ಮದಾಗ ಅವ್ರು ಕೇಳಿದ ಒಂದೇ ಒಂದು ಶಾಣ್ಯಾ ಪ್ರಶ್ನಿ ಅದು, ಅದರ ಬಾಯೀನೂ ಮುಚ್ಚಿಸಿದೆ.

ಧೋತ್ರದ ತುಂಡು ಗಂಗಾಳದಾಗ ಹಾಸ್ಕೊಂಡು ಹೊರಗ ಕಟ್ಟಿಗೆ ಬಂದೆ. ಒಬ್ರು ಬಂದ್ರು, ಇಬ್ರು ಬಂದ್ರು, ಹತ್ತು ಮಂದಿ ಸೇರಿದ್ರು. "ಯವ್ವಾ, ಇಷ್ಟು ದಿನ ಇದನ್ನ ತಿಂದೀವಾ!" ಅಂತ ಎದುರುಮನಿಯಾಕಿ ಎದಿ ಬಡಕೊಂಡಳು. ಆಕಿ ಮಗಳು ಫೋನು ಹಿಡದು ನಿಂತಳು. ಫೋನು ಕಂಡ ಮ್ಯಾಗ ಕೇಳಬ್ಯಾಡ್ರಿ, ಸೆರಗು ಸರಿಮಾಡ್ಕೊಂಡು ಪಾಠಾನೇ ಶುರು ಮಾಡಿಬಿಟ್ಟೆ. ಮನಷ್ಯಾ ಸಮುದ್ರಕ್ಕ ಪ್ಲಾಸ್ಟಿಕ್ ಒಗೀತಾನ, ಸಮುದ್ರ ಅದನ್ನ ಉಪ್ಪಿನಾಗ ತಿರುಗಿ ಕೊಡ್ತದ, ಹಿಂಗ ಹತ್ತು ನಿಮಿಷ. ಕಡಿಗೆ, "ಈ ಚಾಚಾನ ಉಪ್ಪು ಯಾರೂ ಮುಟ್ಟಬ್ಯಾಡ್ರಿ" ಅಂತಲೂ ಅಂದೆ. ಆ ಮಾತು ಯಾಕ ಬೇಕಿತ್ತೋ ಏನೋ. ಪಾಠಕ್ಕೊಂದು ಸಾರಾಂಶ ಇರಬೇಕಲ್ಲ, ಅದು ಹಾಳಾದ ಚಟ.

ಮುಂದಿನ ಸಲ ಚಾಚಾ ಬಂದಾಗ ಭೋಂಗಾ ಮೂರು ಭಾಷಿಯೊಳಗ ಒದರಿ ಸುಮ್ನಾತು. ಒಂದು ಮನಿ ಬಾಗಿಲೂ ತಗೀಲಿಲ್ಲ. ಅವ ಕೆಳಗಿಳದು ನಮ್ಮ ಕಟ್ಟಿ ಮುಂದ ಬಂದ.

"ಟೀಚರಮ್ಮ, ಯಾಕ್ರಿ, ಯಾರೂ ಊರಾಗಿಲ್ಲೇನ್ರಿ?"

"ನಿನ್ನ ಉಪ್ಪಿನಾಗ ಪ್ಲಾಸ್ಟಿಕ್ ಅದ, ಚಾಚಾ" ಅಂತ ಧೋತ್ರದ ತುಂಡು ತೋರಿಸಿದೆ.

ಅವ ಬೆರಳಿಲೆ ಒಂದು ನೀಲಿ ಚೂರು ಎತ್ತಿ ಬಿಸಿಲಿಗೆ ಹಿಡದು ನೋಡಿದ. "ನಾ ಏನು ಮಾಡ್ಲಿರಿ, ಇದು ಲಾರಿಯಾಗ ಆಂಧ್ರದ ಕಡಿಂದ ಬರ್ತದ. ಸಮುದ್ರ ನಾನೂ ನೋಡಿಲ್ಲ" ಅಂದ. ಸಮುದ್ರ ನೋಡದ ಇಬ್ರು ಕುಂತು ಸಮುದ್ರಕ್ಕ ಶಿಕ್ಷಾ ಕೊಟ್ವಿ. ಅದಕ್ಕೇನೂ ಆಗಲಿಲ್ಲ, ಆದದ್ದೆಲ್ಲಾ ಚಾಚಾಗ.

ಎದುರುಮನಿ ಹುಡುಗಿ ತಗದ ವಿಡಿಯೋ ಓಣಿ ದಾಟಿ, ಊರು ದಾಟಿ ಹೋತು. ಪೋತ್ನಾಳದಾಗಿನ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಾಕಿ ಫೋನು ಮಾಡಿ, "ಟೀಚರ್, ನಿಮ್ಮ ವಿಡಿಯೋ ನೋಡಿ ನಮ್ಮೂರಾಗೂ ಆ ಟಂಟಂ ನಿಲ್ಲಾಕ ಬಿಟ್ಟಿಲ್ಲ" ಅಂದಳು. ನಾ ಉಬ್ಬಿ ಹೋದೆ. ಸುಳ್ಳು ಯಾಕ ಹೇಳ್ಲಿ, ಆ ದಿನ ಸಂತೋಷಕ್ಕ ಹೋಳಿಗಿ ಮಾಡಿದೆ. ಓಣ್ಯಾಗ ಎಲ್ಲಾರೂ ಪ್ಯಾಕೆಟ್ ಉಪ್ಪಿಗೆ ಬಂದ್ವಿ. ಪ್ಲಾಸ್ಟಿಕ್ ಪಾಕೀಟನ್ನ ಹಲ್ಲಿಲೆ ಹರದು, ಚೂರು ಉಗುಳಿ, ಪ್ಲಾಸ್ಟಿಕ್ ಡಬ್ಬಿಗೆ ಸುರದು, ಇನ್ನ ಆರಾಮ ಅಂತ ಉಸರು ಬಿಟ್ವಿ. ಚಾಚಾ ಎರಡು ಸಲ ಬಂದ. ಆಮ್ಯಾಲ ಬರಲಿಲ್ಲ. ಅವ ಏನು ಮಾಡ್ತಾನ, ಮನಿ ಹ್ಯಾಂಗ ನಡೀತದ ಅಂತ ನಾ ಒಂದಿನಾನೂ ಕೇಳಿದಾಕಿ ಅಲ್ಲ.

ಒಂದು ವರ್ಷ ಕಳೀತು. ಸಂಡಗಿ ಒಣಹಾಕಾಕ ಮಾಳಗಿ ಮ್ಯಾಗ ಹೋಗಿದ್ದೆ. ಗುಬ್ಬಿಗೆ ನೀರಿಡಾಕ ಇಟ್ಟಿದ್ದ ನೀಲಿ ಬಕೆಟ್ಟು ಮೂಲ್ಯಾಗಿತ್ತು. ಸರಿಸೋಣ ಅಂತ ಅಂಚು ಹಿಡದೆ. ಹಪ್ಪಳ ಮುರದಂಗ ಲಟಕ್ ಅಂತು, ಅಂಚು ಕೈಯಾಗೇ ಪುಡಿ ಆತು. ನನ್ನ ಅಂಗೈ ತುಂಬ ಎಳ್ಳಿನಷ್ಟು ನೀಲಿ ಚೂರು. ಎಲ್ಲೋ ನೋಡೀನಿ ಅನಸ್ತು. ಆ ಬಕೆಟ್ಟು ಜೋಡಿ ತಂದಿದ್ವಿ. ಇನ್ನೊಂದು ಒಡದಾಗ ಚಾಚಾಗ ಕೊಟ್ಟು ಉಪ್ಪು ತಗೊಂಡಿದ್ದೆ, ನಾನೇ. ಅದೇ ಉಪ್ಪು ಸೋಸಿದ್ದೆ, ನಾನೇ.

ಧೋತ್ರದ ತುಂಡು ಸಾಕ್ಷಿಗಂತ ಒಂದು ನೋಟುಬುಕ್ಕಿನಾಗ ಮಡಚಿಟ್ಟಿದ್ದೆ. ಓಡಿ ಬಂದು ತಗದು, ಭೂತಗನ್ನಡಿ ಹಿಡದು ಎರಡೂ ನೋಡಿದೆ. ಅದೇ ನೀಲಿ. ಬಕೆಟ್ಟಿನ ಮ್ಯಾಗಿನ ಬಿಳೀ ಗೆರಿ ಸುದ್ದಾ ಒಂದು ಚೂರಿನ್ಯಾಗ ಹಂಗೇ ಇತ್ತು. ಸಮುದ್ರದ ಪ್ಲಾಸ್ಟಿಕ್ ಎಲ್ಲೈತೋ ಏನೋ, ಅದು ಪೇಪರಿನವ್ರು ಬರದಂಗ ಕಣ್ಣಿಗೆ ಕಾಣದಂಥಾದ್ದು. ಇದು ನನ್ನ ಬಚ್ಚಲದ ಬಕೆಟ್ಟು. ಚಾಚಾನ ಕಾಲಾಗ ಪುಡಿಯಾಗಿ, ಬಾಜೂದ ಚೀಲಕ್ಕ ಸಿಡದು, ನನ್ನ ಮನಿಗೇ ತಿರುಗಿ ಬಂದಿತ್ತು.

"ಏನಾತು?" ಅಂದ್ರು ಮನಿಯವ್ರು. ಹೇಳಿದೆ. ಅವ್ರು ಪೇಪರ್ ಮಡಚಿ ಇಟ್ರು. ನಗಲೂ ಇಲ್ಲ, ಬೈಯಲೂ ಇಲ್ಲ. "ಆ ಮನಷ್ಯಾ ಈಗ ಎಲ್ಲೆ ಇದ್ದಾನ?" ಅಂತ ಕೇಳಿದ್ರು ಅಷ್ಟ. ಬೈದಿದ್ರೇ ಚಲೋ ಇತ್ತು.

ಮರುದಿನ ಮಾನ್ವಿ ಬಸ್ ಹಿಡದೆ. ಹಳೇ ಪರಿಚಯದವ್ರನ್ನ ಕೇಳಿ ಮನಿ ಹುಡುಕಿದೆ. ಚಾಚಾನ ಹೆಂಡತಿ ಬಾಗಲದಾಗ ಅಕ್ಕಿ ಆರಸಾಕತ್ತಿದ್ದಳು. "ಉನೋ ದೇವದುರ್ಗಕು ಗಯೇ" ಅಂದಳು, ಅವ ದೇವದುರ್ಗಕ್ಕ ಹೋಗ್ಯಾನಂತ. ಆಮ್ಯಾಲ ನನ್ನ ಮಾರಿ ನೋಡಿ, ಕನ್ನಡದಾಗ, "ವಿಡಿಯೋದಾಗಿನ ಟೀಚರಮ್ಮ ನೀವೇ ಅಲ್ಲ?" ಅಂದಳು. ಹೌದು ಅಂದೆ. ಆಕಿ ಎದ್ದು ಹೋಗಿ ಕುಡ್ಯಾಕ ನೀರು ತಂದುಕೊಟ್ಟಳು.

ಕವಿತಾಳದ ಮ್ಯಾಲಿಂದ ದೇವದುರ್ಗಕ್ಕ ಹೋದೆ. ಸಂತಿ ದಿನ. ಸಂತಿ ತುದಿಗೆ, ಹಗ್ಗ, ಕಣ್ಣಿ, ಎತ್ತಿನ ಗೆಜ್ಜಿ ಮಾರೋ ಕಡಿ, ಟಂಟಂ ನೆಳ್ಳಿಗೆ ಚಾಚಾ ಕುಂತಿದ್ದ. ಮುಂದ ಎರಡು ಚೀಲ ಉಪ್ಪು. ಸೊರಗಿದ್ದ.

"ಇಲ್ಲೆ ಯಾಕ ಕುಂತಿ, ಚಾಚಾ?"

"ಮನಷ್ಯಾರು ಒಲ್ಲೆ ಅಂದ್ರಲ್ರಿ. ದನಕ್ಕ ಹಾಕಾಕ ಒಯ್ತಾರ. ದನ ವಿಡಿಯೋ ನೋಡಂಗಿಲ್ಲ" ಅಂದು ತಾನೇ ನಕ್ಕ.

ನಾ ಅವನ ಎದುರಿಗೆ ನೆಲಕ್ಕ ಕುಂತು, ನನ್ನ ಕೈಚೀಲದಾಗಿಂದ ಬಕೆಟ್ಟಿನ ಚೂರು ತಗದು ತೋರಿಸಿ, ಎಲ್ಲಾ ಹೇಳಿದೆ. ತಪ್ಪಾತು ಅಂದೆ. ಅಷ್ಟು ವರ್ಷದಾಗ ಮೊದಲನೇ ಸಲ "ನೀವು" ಅಂತ ಕರದೆ. ಅವ ತಣ್ಣಗ ಕೇಳಿದ. ಆಮ್ಯಾಲ ಟಂಟಂ ಕಡಿ ಒಮ್ಮೆ ನೋಡಿ, "ಇಷ್ಟೇ ಏನ್ರಿ? ಮುರುಕು ಮ್ಯಾಲ ಕಟ್ಟಿ, ಚೀಲದ ಬಾಯಿ ಮುಚ್ಚಿದ್ರ ಮುಗೀತಿತ್ತು. ಅವತ್ತ ಹೇಳಿದ್ರ ಅವತ್ತ ಮಾಡ್ತಿದ್ದೆ" ಅಂದ.

"ನನಗೂ ತಿಳೀಲಿಲ್ಲ."

"ತಿಳೀದಿದ್ರ ಅನಬಾರದಿತ್ತು." ಅವನ ದನಿ ಏರಲಿಲ್ಲ. "ಓಣಿ ತುಂಬ ಮಂದಿ ಮುಂದ ಅಂದ್ರಿ. ಈಗ ಇಷ್ಟು ದೂರ ಬಂದು ನನ್ನ ಕಿವ್ಯಾಗ ತಪ್ಪಾತು ಅಂತೀರಿ. ನನ್ನ ಕಿವಿ ಏನು ಉಪ್ಪು ಕೊಳ್ತದೇನ್ರಿ?"

ಮೂವತ್ತು ವರ್ಷ ಮಕ್ಕಳಿಗೆ ನಾ ಹಾಕಿದ ಪ್ರಶ್ನಿ ಎಲ್ಲಾ ಸೇರಿಸಿದ್ರೂ ಇದರಷ್ಟು ಕಠಿಣ ಇರಲಿಕ್ಕಿಲ್ಲ. "ನಮ್ಮ ಓಣಿಗೆ ಬರ್ರಿ. ಎಲ್ಲಾರ ಮುಂದ ಹೇಳ್ತೀನಿ" ಅಂದೆ.

ಮುಂದಿನ ವಾರ ಬಂದ. ಮುರುಕು ಪ್ಲಾಸ್ಟಿಕ್ಕಿಗೆ ಟಂಟಂ ಹಿಂದ ಬ್ಯಾರೇ ಚೀಲ ಕಟ್ಟಿದ್ದ, ಉಪ್ಪಿನ ಚೀಲಕ್ಕ ಬಿಳೀ ಅರಿವಿ ಹೊದಿಸಿದ್ದ. ಭೋಂಗಾದ ಮೈಕು ಬಿಚ್ಚಿ ನನ್ನ ಕೈಗೆ ಕೊಟ್ಟ. "ಇದರಾಗ ಅನ್ರಿ, ಒಳಗಿದ್ದವ್ರಿಗೂ ಕೇಳಸ್ಲಿ."

ಅಂದೆ. ಆ ಚೂರು ಸಮುದ್ರದ್ದಲ್ಲ, ನಮ್ಮ ಬಕೆಟ್ಟಿಂದು ಅಂದೆ. ತಪ್ಪು ನಂದು, ಚಾಚಾಂದಲ್ಲ ಅಂದೆ. ಅಲ್ಲಿಗೆ ನಿಲ್ಲಿಸಿದ್ರ ಮುಗೀತಿತ್ತು. ಆದ್ರ ಟೀಚರ್ ನೋಡ್ರಿ, ಖರೆ ಹೇಳಬೇಕಲ್ಲ: ಸಮುದ್ರದ ಉಪ್ಪಿನಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಇರಬಹುದು, ಅದು ನಿಮ್ಮ ಪ್ಯಾಕೆಟ್ಟಿನಾಗೂ ಇರಬಹುದು, ಅದು ಬ್ಯಾರೇ ಮಾತು, ಅಂತಲೂ ಅಂದೆ. ಓಣಿಗೆ ಕೇಳಿಸಿದ್ದು ಆ ಒಂದು ಮಾತು ಅಷ್ಟ. ಎದುರುಮನಿಯಾಕಿ ಕಿಟಕಿಯಾಗಿಂದ, "ನೀವು ಕರುಳಿದ್ದವ್ರು ಟೀಚರಮ್ಮ, ಪಾಪ ಅಂತ ಅವನ ಸಲುವಾಗಿ ಹೇಳಾಕತ್ತೀರಿ. ನಮಗ ತಿಳೀತದ ಬಿಡ್ರಿ" ಅಂದಳು. ಅಲ್ಲ ಬೇ, ಖರೇನ ಹೇಳಾಕತ್ತೀನಿ, ಅಂತ ಒದರಿದೆ. ಭೋಂಗಾ ಕುಂಯ್ ಅಂತು. ಅವತ್ತು ಗಂಗಾಳದಾಗಿನ ಚೂರು ಎಲ್ಲಾರಿಗೂ ಕಂಡಿತ್ತು. ಇವತ್ತು ಕೈಯಾಗ ಬಕೆಟ್ಟನ್ನೇ ಹಿಡದು ತೋರಿಸಿದ್ರೂ ಯಾರಿಗೂ ಕಾಣವಲ್ದು. ನನಗ ಅಳು ಬಂತು, ಸಿಟ್ಟೂ ಬಂತು.

ಒಬ್ಬಾಕಿ ಮಾತ್ರ ಬಾಗಿಲು ತಗದು ಬಂದಳು, ಕೈಯಾಗ ಸೀಳಿದ ಕೊಡ. ಚಾಚಾ ಗಡಬಡಿಸಿ ಎದ್ದು ಸೇರು ತುಂಬಿದ. "ಉಪ್ಪು ಬ್ಯಾಡ ಚಾಚಾ. ಸುಮ್ನ ಒಯ್ಯಿ, ಮನ್ಯಾಗ ಅಡ್ಡ ಆಗ್ಯದ" ಅಂದು ಕೊಡ ಇಟ್ಟು ಹೋದಳು.

ತುಂಬಿದ ಸೇರು ಅವನ ಕೈಯಾಗೇ ಉಳೀತು. ಅದನ್ನ ಚೀಲಕ್ಕ ತಿರುಗಿ ಸುರೀಲಿಲ್ಲ ಅವ. ನನ್ನ ಕಡಿ ತಿರುಗಿ, "ನಿಮಗ ಹಾಕ್ಲೇನ್ರಿ, ಟೀಚರಮ್ಮ?" ಅಂದ.

"ಹಾಕ್ರಿ, ಹಾಕ್ರಿ!" ಅಂತ ಒಳಗ ಓಡಿ ಬೋಗಾಣಿ ತಂದು ಹಿಡದೆ. ಉಪ್ಪು ಸರ್ರಂತ ಬಿತ್ತು. ಬೆಳ್ಳಗ, ಸ್ವಚ್ಛ. ದೇವರಾಣಿ ಹೇಳ್ತೀನಿ, ನನ್ನ ಮನಸಿನಾಗ ಏನೂ ಇರಲಿಲ್ಲ. ಕಣ್ಣು ತಾವಾಗೇ ಬೋಗಾಣಿಯೊಳಗ ಇಳದ್ವು, ಬೆರಳು ತಾವಾಗೇ ಉಪ್ಪು ಕೆದರಿ ನೋಡಿದ್ವು. ತಲಿ ಎತ್ತಿದ್ರ ಚಾಚಾ ನನ್ನ ಬೆರಳನ್ನೇ ನೋಡ್ತಾ ನಿಂತಿದ್ದ.